ಹದಿನಾಲ್ಕನೇ ಪ್ಲೇಟು

ನವೆಂಬರ್ ೯, ಭಾನುವಾರ
ಮಧ್ಯಾಹ್ನ

ಪ್ರೀತಿಯ ಮೆಣಸು,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದ ಅಂತ ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವ ಮನಸ್ಸಿದ್ದರೆ ಮುಂದಿನ ನಾಲ್ಕು ಸಾಲು ಓದಿ ಆಮೇಲೆ ಹರಿದು ಹಾಕು.

ನಿನ್ನ ಕೈಯಿಂದ ಯಾರಿಗೂ ಏನೂ ಆಗಲಿಲ್ಲ. ನಮ್ಮ ಐಸಿಯುನಲ್ಲಿ ತೀರಿಕೊಂಡ ಆ ಇಬ್ಬರ ರಕ್ತದಲ್ಲಿ ಸಿಕ್ಕಿದ ಶಿಲೀಂಧ್ರ, ಆ ಯೀಸ್ಟ್ ಬೇರೆ, ನಿನ್ನ ಬೆರಳಲ್ಲಿ ಸಿಕ್ಕಿದ್ದು ಬೇರೆ. ಜಾತಿಯೇ ಬೇರೆ. ನಿನ್ನ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಬೇರೆ ಊರಿನ ದೊಡ್ಡ ಲ್ಯಾಬಿಗೂ ಕಳಿಸಿ, ಅವರೂ ಹೌದೆಂದ ಮೇಲೆ, ಸೋಂಕು ತಡೆ ಸಮಿತಿಯವರು ಸಹಿ ಹಾಕಿ ಕೊಟ್ಟಿರುವ ಮಾತು. ಆ ಪತ್ರದ ನಕಲನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ.

ಇಲ್ಲಿಗೆ ನಿಲ್ಲಿಸುವುದಾದರೆ ನಿಲ್ಲಿಸು. ಮುಂದಿನದು ನನ್ನ ಕಥೆ.

ಗುರುವಾರ ಬೆಳಿಗ್ಗೆ ನಿನ್ನ ಅಣ್ಣ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಆಸ್ಪತ್ರೆಗೆ ಬಂದಿದ್ದರು. ನಾನೀಗ ಲ್ಯಾಬಿನ ಒಳಗೆ ರೋಗಾಣು ಬೆಳೆಸಿದ ಪ್ಲೇಟು ನೋಡುವ ಕೆಲಸದಲ್ಲಿಲ್ಲ, ಸ್ಯಾಂಪಲ್ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂರುತ್ತೇನೆ. ಅದು ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಚೀಟಿ ಒಳಗೆ ಚಾಚಿದ ಕೈ ನೋಡಿದೆ, ತಲೆ ಎತ್ತಿದರೆ ಅವರು. ಅಂಗಡಿಯಿಂದ ನೇರವಾಗಿ ಬಂದಿರಬೇಕು, ಬಟ್ಟೆ ಅಳೆಯುವ ಟೇಪು ಕುತ್ತಿಗೆಯಲ್ಲೇ ಇತ್ತು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಹಿಂದೆ ಸಾಲು ನಿಂತಿದ್ದರೂ, ಚೆನ್ನಾಗಿದ್ದೀಯೇನಮ್ಮಾ ಅಂದರು. ನಾನು ನಿನ್ನ ವಿಷಯ ಕೇಳಿದೆ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೀಯಂತೆ. ಕಾಗದ ಮುಟ್ಟುವಾಗಲೂ ಕೈಗವಸು ಹಾಕಿಕೊಳ್ಳುತ್ತೀಯಂತೆ. ಬಾತ್‌ರೂಮಿನ ನಲ್ಲಿ ದಿನಕ್ಕೆ ಎಷ್ಟು ಸಲ ತಿರುಗುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲವಂತೆ. ಅತ್ತಿಗೆಗೆ ಹತ್ತು ತಿಂಗಳ ಹಿಂದೆ ಮಗುವಾಯಿತಂತೆ, ಹೆಣ್ಣು. ಆಮೇಲೆ ಅವರು ದನಿ ತಗ್ಗಿಸಿದರು.

“ಅವಳು ಮಗೂನ ಎತ್ಕೊಳ್ಳೋದೇ ಇಲ್ಲ. ದೂರದಲ್ಲೇ ನಿಂತು ಮಾತಾಡಿಸ್ತಾಳೆ. ಮಗು ಅತ್ತೆ ಕಡೆ ಕೈ ಚಾಚಿದ್ರೆ ಎದ್ದು ಒಳಗೆ ಹೋಗಿಬಿಡ್ತಾಳೆ.”

ನಾನು ಸಮಿತಿಯ ಪತ್ರ ಬಂತಲ್ಲ, ಅದರಲ್ಲಿ ಎಲ್ಲ ಬರೆದಿದೆಯಲ್ಲ ಅಂದೆ. ಯಾವ ಪತ್ರ ಅಂದರು ಅವರು.

ಕಿಟಕಿಗೆ ‘ಐದು ನಿಮಿಷ’ ಅನ್ನುವ ಬೋರ್ಡು ಸಿಕ್ಕಿಸಿ ಹಿಂದಿನ ಕೋಣೆಗೆ ಹೋಗಿ ನಿಂತುಕೊಂಡೆ. ಮಧ್ಯಾಹ್ನ ಆಫೀಸಿನಲ್ಲಿ ವಿಚಾರಿಸಿದೆ. ಗುಮಾಸ್ತರು ಬೀರುವಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ನೀನು ಬಿಟ್ಟುಹೋದ ಬಾಡಿಗೆ ಮನೆಯ ವಿಳಾಸ, ‘ವಾಸವಿಲ್ಲ’ ಅನ್ನುವ ಮುದ್ರೆ, ಒಡೆಯದ ಅಂಟು. ಮಾರ್ಚ್‌ನಿಂದ ಅಲ್ಲೇ ಇದೆ. ಆಫೀಸಿನವರು ಕಳಿಸಿದ್ದಾರೆ, ನಿನಗೆ ತಲುಪಿರುತ್ತದೆ, ನೀನು ಕೋಪದಲ್ಲಿ ಮಾತು ಬಿಟ್ಟಿದ್ದೀಯ, ಅದು ನ್ಯಾಯವೇ ಅಂತ ನನಗೆ ನಾನೇ ಹೇಳಿಕೊಂಡು ಎಂಟು ತಿಂಗಳು ಆರಾಮವಾಗಿ ಇದ್ದೆ. ವಿಚಾರಿಸಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ. ಅನ್ನಿಸದ ಹಾಗೆ ನೋಡಿಕೊಂಡೆ ಅನ್ನುವುದೇ ಸರಿ.

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಅರ್ಧ ಗೊತ್ತಿರುವುದೇ. ಇನ್ನರ್ಧ ಗೊತ್ತಿಲ್ಲ.

ಹೋದ ವರ್ಷ ಆಗಸ್ಟ್‌ನಲ್ಲಿ, ನೀನು ನರ್ಸ್ ಆಗಿದ್ದ ಎಂಟು ಹಾಸಿಗೆಯ ಆ ಐಸಿಯುನಲ್ಲಿ ಆರು ವಾರದೊಳಗೆ ಮೂವರ ರಕ್ತದಲ್ಲಿ ಯೀಸ್ಟ್ ಬೆಳೆಯಿತು. ಮೂವರಿಗೂ ಎಂದಿನ ಹಾಗೆ ಫ್ಲುಕೊನಜೋಲ್ ಶುರು ಮಾಡಿದರು. ಯೀಸ್ಟ್ ಅಂದರೆ ಫ್ಲುಕೊನಜೋಲ್, ಅಲ್ಲಿಗೆ ಮುಗಿಯಿತು ಅನ್ನುವ ಕಾಲ ಅದು. ಔಷಧಿ ಅದರ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವ ಪದ್ಧತಿ ನಮ್ಮ ಲ್ಯಾಬಿನಲ್ಲಿ ಇರಲೇ ಇಲ್ಲ. ಇಬ್ಬರು ಹೋಗಿಬಿಟ್ಟರು. ಎರಡನೆಯವರ ಮಕ್ಕಳು ಮೇಲಧಿಕಾರಿಯ ಕೋಣೆಯ ಮುಂದೆ ಕೂತರು, ಆಸ್ಪತ್ರೆಯಲ್ಲೇ ಅಂಟಿದ್ದು ಅಂತ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆಗ ಸಮಿತಿ ಎಚ್ಚೆತ್ತು, ಐಸಿಯುಗೆ ಹೋಗಿಬರುವ ಎಲ್ಲರ ಕೈಯನ್ನೂ ಒರೆಸಿ ಮಾದರಿ ತೆಗೆಯಿರಿ ಅಂದಿತು.

ತೆಗೆದವಳು ನಾನೇ. ಆ ದಿನ ನಿನಗೆ ನೆನಪಿರಬೇಕು. ಸ್ಟೋರ್ ರೂಮಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದೆ. ನೀನು ಬಂದು ಎರಡೂ ಕೈ ಚಾಚಿ, “ಏನಮ್ಮ ಆಮೆ, ಕೈ ನೋಡಿ ಭವಿಷ್ಯ ಹೇಳ್ತೀಯಾ?” ಅಂದೆ. ಹಿಂದೆ ನಿಂತಿದ್ದ ವಾರ್ಡ್ ಬಾಯ್‌ಗಳು ನಕ್ಕರು. ನಿನ್ನ ಬಲಗೈ ಹೆಬ್ಬೆರಳಿನ ಉಗುರು ಪಕ್ಕದಲ್ಲಿ ಸೀಳಿತ್ತು, ಸೋಪು ನೀರಿಗೆ ಸೀಳಿದ್ದು. ಅಲ್ಲಿಗೆ ಹತ್ತಿ ತಾಗಿದಾಗ ನೀನು ಸ್ವಲ್ಪ ಕೈ ಎಳೆದುಕೊಂಡೆ. ಹೆಸರು ಬರೆಯಬಾರದು, ನಂಬರ್ ಮಾತ್ರ ಅಂತ ನಿಯಮ. ನಿನ್ನದು ಹದಿನಾಲ್ಕು.

ಅದು ಸೋಮವಾರ. ಬುಧವಾರ ಬೆಳಿಗ್ಗೆ ಬೆಚ್ಚಗಿಡುವ ಪೆಟ್ಟಿಗೆಯಿಂದ ಪ್ಲೇಟುಗಳನ್ನು ತೆಗೆದೆ. ಹದಿನಾಲ್ಕರಲ್ಲಿ ಬೆಳೆದಿತ್ತು, ಕೆನೆಯ ಹನಿಗಳ ಹಾಗೆ ಏಳೆಂಟು. ಪಕ್ಕದಲ್ಲಿ ರೋಗಿಗಳ ಪ್ಲೇಟು ಇತ್ತು, ಅದರಲ್ಲೂ ಕೆನೆಯ ಹನಿಗಳೇ. ಈ ಯೀಸ್ಟ್‌ಗಳೆಲ್ಲ ಕಣ್ಣಿಗೆ ಒಂದೇ ತರ ಕಾಣುತ್ತವೆ ಅಂತ ನಿನಗೂ ಗೊತ್ತು, ಓದುವಾಗ ನರ್ಸಿಂಗಿನವರಿಗೂ ಲ್ಯಾಬಿನವರಿಗೂ ಒಟ್ಟಿಗೇ ನಡೆದ ಪ್ರಾಕ್ಟಿಕಲ್‌ನಲ್ಲಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಇದ್ದವರು. ಜಾತಿ ಬೇರೆಯಾದರೆ ಬಣ್ಣ ಬೇರೆ ತೋರಿಸುವ, ಪ್ಲೇಟಿಗೆ ಹುಯ್ಯುವ ಒಂದು ಮಾಧ್ಯಮ ಇದೆ. ಅದು ಆ ವಾರ ಖಾಲಿಯಾಗಿತ್ತು, ಆರ್ಡರ್ ಹಾಕಿದ್ದು ಬಂದಿರಲಿಲ್ಲ. ಹಾಗಾಗಿ ಬೇರೆ ಪರೀಕ್ಷೆಗಳೇ ಗತಿ, ಅವುಗಳಿಗೆ ಇನ್ನೂ ಮೂರರಿಂದ ಐದು ದಿನ ಬೇಕಿತ್ತು.

ನಮ್ಮ ವಿಭಾಗದ ದೊಡ್ಡ ಡಾಕ್ಟರು ಒಂಬತ್ತಕ್ಕೆಲ್ಲ ಬಂದರು. ಹತ್ತೂವರೆಗೆ ಸಮಿತಿಯ ಸಭೆ. ಕೋಟು ಕೂಡ ಹಾಕಿಕೊಳ್ಳದೆ ನನ್ನ ಬೆಂಚಿನ ಹತ್ತಿರ ನಿಂತು, ಯಾವುದರಲ್ಲಾದರೂ ಬೆಳೆದಿದೆಯಾ ಅಂತ ಕೇಳಿದರು. ಹದಿನಾಲ್ಕು ಅಂದೆ. ವಾರ್ಡಿನ ರೋಗಿಗಳಲ್ಲಿ ಇರುವುದೇನಾ ಅಂದರು.

“ಹಾಗೇ ಕಾಣ್ತಿದೆ ಮೇಡಂ,” ಅಂದೆ.

ಅಷ್ಟೇ ನಾನು ಆಡಿದ ಮಾತು. ಇನ್ನೂ ಗೊತ್ತಿಲ್ಲ, ಶನಿವಾರ ಹೇಳುತ್ತೇನೆ ಅನ್ನಬೇಕಿತ್ತು. ಹಾಸ್ಟೆಲಿನಲ್ಲಿ ನೀವೆಲ್ಲ ನನ್ನನ್ನು ಆಮೆ ಅಂತ ಕರೆದದ್ದೇ ನನ್ನ ನಿಧಾನಕ್ಕೆ. ಇಪ್ಪತ್ತೆರಡು ವರ್ಷ ಪ್ಲೇಟು ನೋಡಿದವಳು, ಒಂದು ವರದಿಯನ್ನೂ ಹೊತ್ತಿಗೆ ಮುಂಚೆ ಕೊಟ್ಟವಳಲ್ಲ. ಆ ದಿನ ಮಾತ್ರ ನಾಲಿಗೆ ಮುಂದೆ ಓಡಿತು. ಮೇಡಂ ಹೋಗಿ ಸಭೆಯಲ್ಲಿ ‘ಕಾಣುತ್ತಿದೆ’ ಅನ್ನುವುದನ್ನು ಬಿಟ್ಟು ಉಳಿದದ್ದನ್ನು ಹೇಳಿದರು. ಮೂಲ ಸಿಕ್ಕಿತು ಅಂದರೆ ಎಲ್ಲರಿಗೂ ನೆಮ್ಮದಿ ನೋಡು. ಆ ಇಬ್ಬರ ಮನೆಯವರಿಗೂ ಉತ್ತರ ಕೊಟ್ಟ ಹಾಗಾಯಿತು. ಹದಿನಾಲ್ಕು ಯಾರು ಅಂತ ಪಟ್ಟಿ ತೆರೆದರು, ನೀನು. ಮಧ್ಯಾಹ್ನ ಮೂರಕ್ಕೆ ನಿನ್ನ ಗುರುತಿನ ಚೀಟಿ ತೆಗೆದುಕೊಂಡು ಮನೆಗೆ ಕಳಿಸಿದರು.

ಅದೇ ಸಂಜೆ ನೀನು ನಮ್ಮ ಮನೆಗೆ ಬಂದೆ. ಯೂನಿಫಾರ್ಮ್ ಬದಲಿಸಿರಲಿಲ್ಲ. ಕುರ್ಚಿಯಲ್ಲಿ ಕೂರದೆ ಬಾಗಿಲ ಹತ್ತಿರವೇ ನಿಂತು ಕೇಳಿದೆ.

“ನಿಜ ಹೇಳು. ನನ್ನ ಕೈಯಲ್ಲೇ ಇತ್ತಾ?”

“ಬರೀ ನಂಬರ್ ಇರುತ್ತೆ, ನನಗೇನು ಗೊತ್ತು ಯಾರದ್ದು ಅಂತ,” ಅಂದೆ.

ಸೀಳಿದ ಹೆಬ್ಬೆರಳನ್ನು ಒರೆಸಿ, ಹದಿನಾಲ್ಕು ಅಂತ ನನ್ನ ಕೈಯಾರೆ ಬರೆದವಳು ನಾನು. ನೀನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದೆ. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನಿನಗೆ ಗೊತ್ತಾಯಿತು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ನಿನಗೆ ಕೇಳಿಸಿದ್ದು ಬೇರೆಯೇ ಇರಬಹುದು. ಗೆಳತಿ ಹೇಳಲಾರದೆ ತಪ್ಪಿಸಿಕೊಳ್ಳುತ್ತಿದ್ದಾಳೆ, ಹಾಗಾದರೆ ನನ್ನದೇ, ಅಂತ. ಲೋಟದಲ್ಲಿ ನೀರು ಕೊಟ್ಟೆ. ನೀನು ಲೋಟ ಮುಟ್ಟಲಿಲ್ಲ. ನಮ್ಮ ಮನೆಯ ಯಾವ ವಸ್ತುವನ್ನೂ ಮುಟ್ಟದೆ ಹೋದೆ. ಅದು ಕೋಪ ಅಂದುಕೊಂಡೆ. ಹೆದರಿಕೆ ಅಂತ ಮೊನ್ನೆ ನಿನ್ನ ಅಣ್ಣ ಹೇಳಿದ ಮೇಲೆ ಹೊಳೆಯಿತು.

ಫಲಿತಾಂಶಗಳು ಬಂದದ್ದು ಶನಿವಾರ ಮತ್ತು ಸೋಮವಾರ. ನರ್ಸ್ ಆದ ಮೇಲೆ ನಿನಗೆ ಇವೆಲ್ಲ ದೂರವಾದ ವಿಷಯ, ಆದರೂ ವಿವರವಾಗಿ ಬರೆಯುತ್ತೇನೆ. ನನ್ನ ಮಾತನ್ನು ನಂಬುವ ಅಗತ್ಯ ನಿನಗಿಲ್ಲ, ಪ್ಲೇಟನ್ನು ನಂಬು.

ಮೊದಲನೆಯದು ಔಷಧಿಯ ಪರೀಕ್ಷೆ, ಆ ಎರಡು ಸಾವಿನ ಮೇಲೆ ನಮ್ಮಲ್ಲಿ ಶುರುವಾದದ್ದು. ಯೀಸ್ಟನ್ನು ಪ್ಲೇಟಿನ ತುಂಬ ಸವರಿ ನಡುವೆ ಫ್ಲುಕೊನಜೋಲ್ ಇರುವ ಸಣ್ಣ ಕಾಗದದ ಬಿಲ್ಲೆ ಇಡುತ್ತೇವೆ. ಔಷಧಿಗೆ ಬಗ್ಗುವ ಯೀಸ್ಟ್ ಆದರೆ ಬಿಲ್ಲೆಯ ಸುತ್ತ ಬೆಳೆಯುವುದಿಲ್ಲ, ಖಾಲಿ ವೃತ್ತ ಉಳಿಯುತ್ತದೆ. ನಿನ್ನ ಪ್ಲೇಟಿನಲ್ಲಿ ಇಪ್ಪತ್ತೊಂಬತ್ತು ಮಿಲಿಮೀಟರ್ ಅಗಲದ ವೃತ್ತ ಇತ್ತು, ಕನ್ನಡಿಯ ಹಾಗೆ ಸ್ವಚ್ಛ. ವಾರ್ಡಿನ ಮೂವರ ಪ್ಲೇಟಿನಲ್ಲೂ ವೃತ್ತವೇ ಇಲ್ಲ. ಯೀಸ್ಟ್ ಬಿಲ್ಲೆಯ ಅಂಚಿನವರೆಗೂ ಬಂದು ಅದಕ್ಕೆ ಒರಗಿಕೊಂಡು ಬೆಳೆದಿತ್ತು.

ಎರಡನೆಯದು ಮೊಟ್ಟೆಯ ಪ್ಲೇಟು. ಈ ಯೀಸ್ಟ್‌ಗಳು ಕೆಲವು ಕಿಣ್ವಗಳನ್ನು ಹೊರಗೆ ಬಿಡುತ್ತವೆ. ಒಂದು ಕಿಣ್ವ ನಮ್ಮ ಜೀವಕೋಶದ ಹೊರಪದರದ ಕೊಬ್ಬನ್ನು ಕರಗಿಸುತ್ತದೆ, ಇನ್ನೊಂದು ಪ್ರೋಟೀನನ್ನು ಅರಗಿಸುತ್ತದೆ. ಹಾಗೆ ದಾರಿ ಮಾಡಿಕೊಂಡೇ ಅವು ಮೈಯೊಳಗೆ ನುಗ್ಗುವುದು. ಅದನ್ನು ಅಳೆಯಲು ಮೊಟ್ಟೆಯ ಹಳದಿ ಬೆರೆಸಿದ ಪ್ಲೇಟಿನ ಮೇಲೆ ಒಂದು ಚುಕ್ಕೆ ಇಡುತ್ತೇವೆ. ಕಿಣ್ವ ಇದ್ದರೆ ನಾಲ್ಕೈದು ದಿನಕ್ಕೆ ಚುಕ್ಕೆಯ ಸುತ್ತ ಬೆಳ್ಳನೆಯ ಉಂಗುರ ಮೂಡುತ್ತದೆ. ನಿನ್ನದರ ಸುತ್ತ ದಪ್ಪ ಉಂಗುರ ಬಂತು. ವಾರ್ಡಿನದಕ್ಕೆ ಹುಡುಕಿದರೂ ಉಂಗುರ ಸಿಗಲಿಲ್ಲ. ನಿನ್ನ ಬೆರಳಲ್ಲಿದ್ದದ್ದು ಸಾಮಾನ್ಯ ಕ್ಯಾಂಡಿಡಾ, ಎಷ್ಟೋ ಜನರ ಬಾಯಲ್ಲಿ, ಹೊಟ್ಟೆಯಲ್ಲಿ, ಚರ್ಮದಲ್ಲಿ ಸುಮ್ಮನೆ ಇರುವಂಥದ್ದು. ಅದಕ್ಕೆ ಹಲ್ಲಿದೆ, ಆದರೆ ಔಷಧಿ ಕೊಟ್ಟರೆ ಸಾಯುತ್ತದೆ. ವಾರ್ಡಿನದಕ್ಕೆ ಆ ಹಲ್ಲು ಅಷ್ಟಕ್ಕಷ್ಟೆ, ಆದರೆ ಔಷಧಿಗೆ ಜಗ್ಗುವುದಿಲ್ಲ, ಒರೆಸಿದರೆ ಹೋಗುವುದಿಲ್ಲ, ಒಣಗಿದ ಬಟ್ಟೆಯ ಮೇಲೂ ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನಿತ್ರಾಣವಾದ ಮೈಗೆ ಅಷ್ಟು ಸಾಕು.

ಎರಡೂ ಪ್ಲೇಟು ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಅವರು ಬೆಳಕಿಗೆ ಹಿಡಿದು ನೋಡಿದರು. ನೋಡಿ ಗೊತ್ತಾಗದವರಲ್ಲ. ವಿಷಯ ಮೇಲೆ ಹೋಗಿ ಆಗಿದೆ, ನಾನು ಫೈಲಿಗೆ ಸೇರಿಸುತ್ತೇನೆ, ಮುಂದಿನ ಸಭೆಯಲ್ಲಿ ನೋಡೋಣ ಅಂದರು. ಮುಂದಿನ ಸಭೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ನಿನ್ನ ಗುತ್ತಿಗೆ ಮುಗಿಯಿತು, ಅವರು ಮುಂದುವರಿಸಲಿಲ್ಲ, ನೀನು ಮನೆ ಖಾಲಿ ಮಾಡಿ ಅಣ್ಣನ ಊರಿಗೆ ಹೋದೆ ಅಂತ ಕೇಳಿದೆ. ನಿನಗೆ ಫೋನ್ ಮಾಡಬೇಕು ಅಂತ ಎಷ್ಟು ಸಲ ಹೊರಟೆನೋ. ಮಾಡಿದರೆ ‘ಹಾಗೇ ಕಾಣ್ತಿದೆ’ ಅಂದದ್ದು ನಾನೇ ಅಂತ ಹೇಳಬೇಕಾಗುತ್ತಿತ್ತು. ಆಮೇಲೆ ಮಾಡಿದಾಗ ನಿನ್ನ ನಂಬರೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಅದು ಇಲ್ಲ ಅಂತ ಗೊತ್ತಾದಾಗ ಸಮಾಧಾನವೇ ಆಯಿತು.

ನವೆಂಬರ್ ಕೊನೆಗೆ ನಾಲ್ಕನೆಯವರು ಬಂದರು. ಒಬ್ಬ ಡ್ರಾಯಿಂಗ್ ಮೇಷ್ಟರು, ಕರುಳಿನ ಆಪರೇಷನ್ ಆದವರು. ಅವರ ರಕ್ತದಲ್ಲೂ ಅದೇ ಯೀಸ್ಟ್. ನೀನು ಹೋಗಿ ಎರಡು ತಿಂಗಳಾಗಿತ್ತು. ವರದಿ ಹಿಡಿದುಕೊಂಡು ನಾನೇ ಐಸಿಯುಗೆ ಹೋಗಿ ಅಲ್ಲಿನ ಡಾಕ್ಟರಿಗೆ, ಇದಕ್ಕೆ ಫ್ಲುಕೊನಜೋಲ್ ನಡೆಯುವುದಿಲ್ಲ, ಬಿಲ್ಲೆ ಇಟ್ಟು ನೋಡಿದ್ದೇನೆ, ಬೇರೆ ಕೊಡಿ ಅಂದೆ. ಲ್ಯಾಬಿನವಳು ಬಂದು ಔಷಧಿ ಹೇಳುತ್ತಾಳಲ್ಲ ಅಂತ ಅವರು ಹುಬ್ಬು ಏರಿಸಿದರು. ಆದರೂ ಪ್ಲೇಟು ನೋಡಿ ಅದೇ ದಿನ ಕ್ಯಾಸ್ಪೊಫಂಜಿನ್ ತರಿಸಿ ನರಕ್ಕೆ ಹಾಕಿದರು. ಮೇಷ್ಟರು ಉಳಿದರು. ಮೂರು ವಾರಕ್ಕೆ ಹೆಂಡತಿಯ ಭುಜ ಹಿಡಿದುಕೊಂಡು ಲಿಫ್ಟಿನವರೆಗೆ ನಡೆದು ಹೋದರು.

ಆ ಮೂರು ವಾರ ನಾನು ಊಟದ ಬಿಡುವಿನಲ್ಲೆಲ್ಲ ಐಸಿಯುನಲ್ಲೇ ಇದ್ದೆ. ಮಂಚದ ಸರಳು, ಪರದೆ, ಮಾನಿಟರಿನ ಗುಂಡಿ, ಫೋನು, ಬಾಗಿಲ ಹಿಡಿ, ಕೈಗೆ ಸಿಕ್ಕಿದ್ದೆಲ್ಲ ಒರೆಸಿದೆ. ಇನ್‌ಚಾರ್ಜ್ ಸಿಸ್ಟರಿಗೆ ರೇಗಿ ಹೋಯಿತು. ಇನ್ನು ನನ್ನ ಮೂಗು ಒಂದು ಬಾಕಿ, ಅದನ್ನೂ ಒರೆಸಿಕೊಂಡು ಹೋಗು ಅಂದರು. ಅರವತ್ತಮೂರು ಮಾದರಿ. ಐವತ್ತೆಂಟರಲ್ಲಿ ಏನೂ ಇಲ್ಲ. ಉಳಿದ ಐದೂ ಬಿಪಿ ನೋಡುವಾಗ ತೋಳಿಗೆ ಸುತ್ತುತ್ತೀರಲ್ಲ, ಆ ಬಟ್ಟೆಯ ಪಟ್ಟಿಗಳು. ಎಂಟು ಹಾಸಿಗೆಗೆ ಐದೇ ಪಟ್ಟಿ, ಒಬ್ಬರ ತೋಳಿನಿಂದ ಬಿಚ್ಚಿ ಇನ್ನೊಬ್ಬರ ತೋಳಿಗೆ. ಒರೆಸುತ್ತಿದ್ದ ದ್ರಾವಣ ಬ್ಯಾಕ್ಟೀರಿಯಾಕ್ಕೆ ಸರಿ, ಈ ಯೀಸ್ಟ್‌ಗೆ ಸ್ನಾನ ಮಾಡಿಸಿದ ಹಾಗೆ. ಐದರಲ್ಲಿ ಬೆಳೆದದ್ದನ್ನೂ ಬಿಲ್ಲೆ ಇಟ್ಟು, ಮೊಟ್ಟೆಯ ಪ್ಲೇಟಿನಲ್ಲಿ ಇಟ್ಟು ನೋಡಿದೆ. ಈ ಸಲ ಎಲ್ಲ ದಿನ ಕಾದೆ. ವೃತ್ತವಿಲ್ಲ, ಉಂಗುರವಿಲ್ಲ. ದೊಡ್ಡ ಲ್ಯಾಬಿನವರೂ ಪಟ್ಟಿಯದ್ದು ರೋಗಿಗಳದ್ದು ಒಂದೇ, ನಿನ್ನದು ಬೇರೆ ಅಂತ ಬರೆದು ಕಳಿಸಿದರು. ಈಗ ಹಾಸಿಗೆಗೊಂದು ಪಟ್ಟಿ, ಕ್ಲೋರಿನ್ ದ್ರಾವಣ. ಹನ್ನೊಂದು ತಿಂಗಳಿಂದ ಒಂದೂ ಇಲ್ಲ.

ಜನವರಿಯಲ್ಲಿ ನಾನು ಸಮಿತಿಗೆ ಬರೆದುಕೊಟ್ಟೆ. ಪರೀಕ್ಷೆ ಮುಗಿಯುವ ಮೊದಲೇ ನಾನು ಬಾಯಿ ಬಿಟ್ಟೆ, ಅದರ ಮೇಲೆ ಒಬ್ಬ ನರ್ಸಿನ ಕೆಲಸ ಹೋಯಿತು, ತಪ್ಪು ನನ್ನದು ಅಂತ. ಮೇಡಂ ಇದನ್ನು ಹೀಗೇ ಕೊಡಬೇಕಾ ಅಂತ ಎರಡು ಸಲ ಕೇಳಿದರು. ಕೊಟ್ಟೆ. ಅದರಿಂದಲೇ ನಾನೀಗ ಕಿಟಕಿಯಲ್ಲಿ ಇರುವುದು. ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಆ ಬೆಚ್ಚನೆಯ ಗಾಳಿ ಬೇಕು ಅನ್ನಿಸುತ್ತದೆ. ಇರಲಿ.

ಈಗ ಕೆಲಸದ ಮಾತು. ಕೈಯನ್ನು ಅಷ್ಟು ತಿಕ್ಕಿ ತೊಳೆಯುವುದನ್ನು ನಿಲ್ಲಿಸು. ಚರ್ಮ ಸೀಳಿದಷ್ಟೂ ಯೀಸ್ಟ್‌ಗೆ ಜಾಗ ಜಾಸ್ತಿ, ಇದು ನಾನು ಹೇಳುವುದಲ್ಲ, ನೀನೇ ಹೊಸ ನರ್ಸುಗಳಿಗೆ ಹೇಳಿಕೊಡುತ್ತಿದ್ದ ಪಾಠ. ಜೆರಾಕ್ಸ್ ಅಂಗಡಿಯಲ್ಲಿ ಕೈಗವಸು ಬೇಡ, ಗಿರಾಕಿಗಳು ನಿನ್ನನ್ನು ಕಳ್ಳನೋಟು ಮಾಡುವವಳು ಅಂದುಕೊಂಡಾರು. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಶುಕ್ರವಾರ ಮಾತಾಡಿದೆ. ಜನವರಿಗೆ ಎರಡು ಜಾಗ ಖಾಲಿಯಾಗುತ್ತವಂತೆ, ಮೆಣಸು ಬರುವುದಾದರೆ ಮೊದಲು ಅವಳಿಗೇ ಅಂದರು. ನಿನ್ನ ಮುಂದೆ ನಿಂತು ಕ್ಷಮೆ ಕೇಳಬೇಕು ಅಂತಲೂ ಅಂದರು. ಅಂದ ಮೇಲೆ ಕಣ್ಣು ಒರೆಸಿಕೊಂಡು, ಇದನ್ನು ಬರೆಯಬೇಡ ಅಂದರು. ಬರುವುದು ಬಿಡುವುದು ನಿನ್ನಿಷ್ಟ. ನಮ್ಮ ಆಸ್ಪತ್ರೆಯೇ ಬೇಡವಾದರೆ ಈ ನಕಲು ಎಲ್ಲಿ ತೋರಿಸಿದರೂ ನಡೆಯುತ್ತದೆ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಅದು ಕೇಳಿ ಪಡೆಯುವ ವಸ್ತುವಲ್ಲ. ಕಾಗದ ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಮಗುವನ್ನು ಎತ್ತಿಕೋ, ಅಷ್ಟು ಮಾಡು. ಹತ್ತು ತಿಂಗಳ ಮಗು, ಇನ್ನು ಸ್ವಲ್ಪ ದಿನಕ್ಕೆ ನಡೆಯಲು ಕಲಿತರೆ ಎತ್ತಿಕೊಳ್ಳಲು ಅದೇ ಬಿಡುವುದಿಲ್ಲ.

ಅಣ್ಣನಿಗೆ ಸಕ್ಕರೆ ಸ್ವಲ್ಪ ಹೆಚ್ಚೇ ಇದೆ. ವರದಿ ತೆಗೆದುಕೊಂಡು ಡಾಕ್ಟರನ್ನು ಕಾಣದೆ ಹಾಗೇ ಹೋದರು. ನೀನು ಒಂದು ಮಾತು ಹೇಳು, ನಿನ್ನ ಮಾತು ಕೇಳುತ್ತಾರೆ.

ಇಂತಿ,
ನಿನ್ನ ಆಮೆ

ಮ.ಸೂ.: ಕಾಗದ ಮಡಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದೆ. ಒಂದು ವಿಷಯ ಬಿಟ್ಟಿದ್ದೇನೆ. ಸಮಿತಿಗೆ ಬರೆದುಕೊಟ್ಟದ್ದರಲ್ಲೂ ಬಿಟ್ಟಿದ್ದೆ. ಮಾದರಿ ತೆಗೆಯಲು ಐಸಿಯುಗೆ ವಾರಕ್ಕೆರಡು ಸಲ ಹೋಗುವವಳು ನಾನೂ ಅಲ್ಲವೇ ಅಂತ, ಆ ಸೋಮವಾರ ಎಲ್ಲರದ್ದೂ ಮುಗಿದ ಮೇಲೆ ಕೊನೆಯ ಪ್ಲೇಟಿಗೆ ನನ್ನ ಬೆರಳನ್ನೂ ಒರೆಸಿ ಇಟ್ಟಿದ್ದೆ. ಬುಧವಾರ ಅದರಲ್ಲೂ ಬೆಳೆದಿತ್ತು. ಮೇಡಂ ಬರುವ ಮೊದಲೇ ಅದನ್ನು, ಹಬೆಯಲ್ಲಿ ಬೇಯಿಸಿ ಎಸೆಯುವ ಆಟೋಕ್ಲೇವ್ ಚೀಲಕ್ಕೆ ಹಾಕಿ ಗಂಟು ಕಟ್ಟಿದೆ. ಆಮೇಲೆ ಅವರು ಕೇಳಿದಾಗ ಹದಿನಾಲ್ಕು ಅಂದೆ. ಅದಕ್ಕೆ ಬಿಲ್ಲೆ ಇಡಲಿಲ್ಲ, ಮೊಟ್ಟೆಯ ಪ್ಲೇಟಿನಲ್ಲಿ ಇಡಲಿಲ್ಲ. ನಿನ್ನದು ಯಾವುದು ಅಂತ ಖಚಿತವಾಗಿ ಹೇಳಬಲ್ಲೆ. ನನ್ನದು ಯಾವುದಾಗಿತ್ತು ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಳೆ ಸೋಮವಾರ, ಇದನ್ನೂ ಬರೆದುಕೊಡುತ್ತೇನೆ. ಅವರಿಗಿಂತ ಮೊದಲು ನಿನಗೆ ಬರೆಯಬೇಕು ಅನ್ನಿಸಿತು.